ಕೂಸು ಹಸಿರು ಕಕ್ಕಿದರೆ ಬೆಳಗಾಗುವ ತನಕ ಕಾಯಬೇಡಿ

ಹೋದ ಸಂಚಿಕೆಯಲ್ಲಿ ಹಸುಗೂಸುಗಳ ಕಾಮಾಲೆ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಕಾಮಾಲೆಗಿಂತ ವಾಂತಿ, ಹೊಟ್ಟೆ ಉಬ್ಬರ, ‘ಇನ್ನೂ ಕಕ್ಕ ಮಾಡಿಲ್ಲ’ ಎಂಬ ದೂರುಗಳೇ ಜಾಸ್ತಿ. ಕೆಲವು ಪತ್ರ ಓದಿದರೆ ಇದು ಪತ್ರ ಬರೆದು ಕೂರುವ ಹೊತ್ತಲ್ಲ, ಆಸ್ಪತ್ರೆಗೆ ಓಡುವ ಹೊತ್ತು ಎನಿಸಿತು. ಅಂಥವರಿಗೆ ಫೋನಿನಲ್ಲೇ ಹೇಳಿಯಾಗಿದೆ. ಉಳಿದವು ಇಲ್ಲಿವೆ. ಎಲ್ಲವೂ ಹುಟ್ಟಿನಿಂದಲೇ ಕರುಳಿನ ದಾರಿ ಕಟ್ಟಿಕೊಂಡಿರುವ ಮಕ್ಕಳ ಬಗ್ಗೆ.

ಪ್ರಶ್ನೆ: ಮಗಳಿಗೆ ಹೆರಿಗೆಯಾಗಿ ನಾಲ್ಕು ದಿನವಾಗಿತ್ತು. ಕೂಸು ಚೆನ್ನಾಗಿ ಹಾಲು ಕುಡಿಯುತ್ತಿತ್ತು, ಕಪ್ಪು ಕಕ್ಕವೂ ಆಗಿತ್ತು. ರಾತ್ರಿ ಇದ್ದಕ್ಕಿದ್ದಂತೆ ಹಸಿರು ಕಕ್ಕಿತು. ಪಿತ್ತ ಇರಬೇಕು ಎಂದು ಬಜೆ ತೇಯ್ದು ನೆಕ್ಕಿಸಿದೆ. ಬೆಳಿಗ್ಗೆ ಕರೆದುಕೊಂಡು ಹೋದರೆ ‘ಕರುಳು ತಿರುಚಿದೆ, ಈಗಲೇ ಆಪರೇಷನ್’ ಎಂದರು. ಸ್ವಲ್ಪ ಕರುಳು ತೆಗೆದರು, ಕೂಸು ಉಳಿಯಿತು. ಹುಟ್ಟಿದಾಗ ಸರಿಯಿದ್ದ ಕೂಸಿಗೆ ನಾಲ್ಕು ದಿನದಲ್ಲಿ ಏನಾಯಿತು ಡಾಕ್ಟ್ರೇ? ನನ್ನ ಬಜೆಯಿಂದ ಆಯಿತಾ?
— ಒಬ್ಬ ಅಜ್ಜಿ, ಹಾವೇರಿ ಜಿಲ್ಲೆ

ಉತ್ತರ: ಅಜ್ಜಿ, ಬಜೆಯಿಂದ ಕರುಳು ತಿರುಚುವುದಿಲ್ಲ. ಅದನ್ನು ಮನಸ್ಸಿನಿಂದ ತೆಗೆದುಹಾಕಿ. ಆದರೆ ಆ ಒಂದು ರಾತ್ರಿ ಹೋಯಿತಲ್ಲ, ನಷ್ಟವಾಗಿದ್ದು ಅದರಿಂದ.

ಕೂಸು ಹುಟ್ಟುವಾಗಲೇ ಕರುಳು ಸರಿಯಾಗಿ ಕೂತಿರಲಿಲ್ಲ. ಬಸಿರಿನ ಆರನೇ ವಾರದ ಹೊತ್ತಿಗೆ ಮಗುವಿನ ಕರುಳಿಗೆ ಹೊಟ್ಟೆಯೊಳಗೆ ಜಾಗ ಸಾಲುವುದಿಲ್ಲ, ಅದು ಹೊಕ್ಕುಳಬಳ್ಳಿಯೊಳಕ್ಕೆ ಹೋಗಿ ಅಲ್ಲಿ ಬೆಳೆಯುತ್ತದೆ, ಹತ್ತನೇ ವಾರದ ಸುಮಾರಿಗೆ ತಿರುಗುತ್ತಾ ತಿರುಗುತ್ತಾ ವಾಪಸ್ ಹೊಟ್ಟೆಗೆ ಬರುತ್ತದೆ. ಒಟ್ಟು 270 ಡಿಗ್ರಿ, ಅಂದರೆ ಮುಕ್ಕಾಲು ಸುತ್ತು. ಬಂದ ಮೇಲೆ ಹೊಟ್ಟೆಯ ಹಿಂಗೋಡೆಗೆ ಎಡಗಡೆ ಮೇಲಿನಿಂದ ಬಲಗಡೆ ಕೆಳಗಿನವರೆಗೂ ಅಗಲವಾಗಿ ಅಂಟಿಕೊಳ್ಳಬೇಕು. ಕೆಲವು ಮಕ್ಕಳಲ್ಲಿ ಈ ಸುತ್ತು ಅರ್ಧಕ್ಕೇ ನಿಂತುಬಿಡುತ್ತದೆ. ಆಗ ಬುಡ ಕಿರಿದಾಗುತ್ತದೆ, ಇಡೀ ಸಣ್ಣ ಕರುಳು ಒಂದು ಚಿಕ್ಕ ತೊಟ್ಟಿನಿಂದ ನೇತಾಡುತ್ತಿರುತ್ತದೆ. ಕರುಳಿಗೆ ರಕ್ತ ತರುವ ನಾಳ ಇರುವುದೂ ಅದೇ ತೊಟ್ಟಿನಲ್ಲಿ. ಇದಕ್ಕೆ ಮಾಲ್‌ರೊಟೇಷನ್ ಎನ್ನುತ್ತಾರೆ. ಇಷ್ಟಿದ್ದರೂ ಕೂಸು ಹಾಲು ಕುಡಿಯುತ್ತದೆ, ಕಕ್ಕ ಮಾಡುತ್ತದೆ, ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಯಾವಾಗಲೋ ಒಮ್ಮೆ ಆ ತೊಟ್ಟು ಒದ್ದೆ ಪಂಚೆ ಹಿಂಡಿದ ಹಾಗೆ ತಿರುಚಿಕೊಂಡರೆ ದಾರಿಯೂ ಮುಚ್ಚುತ್ತದೆ, ಪಿತ್ತ ಕೆಳಗೆ ಹೋಗಲಾರದೆ ಹಸಿರು ವಾಂತಿಯಾಗಿ ಬರುತ್ತದೆ, ರಕ್ತವೂ ನಿಲ್ಲುತ್ತದೆ. ರಕ್ತ ನಿಂತ ಕರುಳು ಕೆಲವೇ ಗಂಟೆಗಳಲ್ಲಿ ಕಪ್ಪಾಗುತ್ತದೆ.

ಹೀಗೆ ತಿರುಚಿಕೊಳ್ಳುವುದು ಹೆಚ್ಚಾಗಿ ಮೊದಲ ತಿಂಗಳಲ್ಲೇ. ಮೊದಲ ಕೆಲವು ಗಂಟೆ ಹೊಟ್ಟೆ ಮೆತ್ತಗೇ ಇರುತ್ತದೆ, ಸಾದಾ ಎಕ್ಸ್-ರೇ ಕೂಡ ಸರಿಯಾಗಿ ಕಾಣಬಹುದು. ಮೋಸ ಹೋಗುವುದು ಇಲ್ಲೇ. ಹೊಟ್ಟೆ ಕಲ್ಲಾಗಿ, ಕಕ್ಕದಲ್ಲಿ ರಕ್ತ ಬಂದು, ಕೂಸು ಬೆಳ್ಳಗಾಗುವ ತನಕ ಕಾದರೆ ಉಳಿಸಲು ಕರುಳೇ ಇರುವುದಿಲ್ಲ. ಹಾಗಾಗಿ ಹಸಿರು ವಾಂತಿಯ ಕೂಸು ಬಂದರೆ ಮೂಗಿನ ನಳಿಗೆಯಿಂದ ಕರುಳಿನ ದಾರಿ ಎದ್ದು ಕಾಣಿಸುವ ಡೈ ಎಂಬ ದ್ರವ ಬಿಟ್ಟು ಎಕ್ಸ್-ರೇ ತೆಗೆಯುತ್ತೇವೆ, ಅಥವಾ ಸ್ಕ್ಯಾನಿನಲ್ಲಿ ರಕ್ತನಾಳ ಸುರುಳಿ ಸುತ್ತಿದೆಯಾ ಎಂದು ನೋಡುತ್ತೇವೆ. ಕೂಸಿನ ಸ್ಥಿತಿ ಕೆಟ್ಟಿದ್ದರೆ ಯಾವ ಪರೀಕ್ಷೆಗೂ ಕಾಯದೆ ನೇರ ಥಿಯೇಟರಿಗೆ.

ಆಪರೇಷನ್ ಮಾತ್ರ ಹಳೆಯದು. ಬೋಸ್ಟನ್ನಿನ ವಿಲಿಯಂ ಲ್ಯಾಡ್ 1930ರ ದಶಕದಲ್ಲಿ ವಿವರಿಸಿದ್ದನ್ನೇ ಇವತ್ತಿಗೂ ಮಾಡುವುದು. ತಿರುಚಿದ್ದನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ಬಿಡಿಸಿ, ಬೆಚ್ಚನೆ ಒದ್ದೆ ಬಟ್ಟೆ ಸುತ್ತಿ, ಬಣ್ಣ ಬರುತ್ತದಾ ಎಂದು ಕಾಯಬೇಕು. ಥಿಯೇಟರಿನಲ್ಲಿ ಆ ಹತ್ತು ನಿಮಿಷ ಯಾರೂ ಮಾತಾಡುವುದಿಲ್ಲ. ನೇರಳೆ ಬಣ್ಣ ಗುಲಾಬಿಗೆ ತಿರುಗಿದ ಭಾಗ ಉಳಿಯುತ್ತದೆ, ತಿರುಗದ ಭಾಗ ತೆಗೆಯಬೇಕಾಗುತ್ತದೆ. ಅನುಮಾನ ಇದ್ದರೆ ಹೊಟ್ಟೆ ಮುಚ್ಚಿ, ಒಂದೆರಡು ದಿನ ಬಿಟ್ಟು ಮತ್ತೆ ತೆರೆದು ನೋಡುವುದೂ ಉಂಟು. ಆಮೇಲೆ ಅಡ್ಡ ಬಂದ ಪಟ್ಟಿಗಳನ್ನು ಕತ್ತರಿಸಿ, ಬುಡ ಅಗಲ ಮಾಡಿ, ಸಣ್ಣ ಕರುಳನ್ನು ಬಲಗಡೆ, ದೊಡ್ಡ ಕರುಳನ್ನು ಎಡಗಡೆ ಇಡುತ್ತೇವೆ. ಅಪೆಂಡಿಕ್ಸ್ ಕೂಡ ಸಾಮಾನ್ಯವಾಗಿ ತೆಗೆದುಬಿಡುತ್ತೇವೆ, ಏಕೆಂದರೆ ಅದು ಎಡಗಡೆ ಹೋಗಿರುತ್ತದೆ, ಮುಂದೆ ನೋವು ಬಂದರೆ ಯಾವ ಡಾಕ್ಟರಿಗೂ ಹೊಳೆಯುವುದಿಲ್ಲ.

ನಿಮ್ಮ ಮಗಳಿಗೆ ಹೇಳಿ: ಡಿಸ್ಚಾರ್ಜ್ ಚೀಟಿ ಜೋಪಾನ. ಎಷ್ಟು ಸೆಂಟಿಮೀಟರ್ ಕರುಳು ತೆಗೆದರು ಎಂಬುದಕ್ಕಿಂತ ಎಷ್ಟು ಉಳಿದಿದೆ, ಸಣ್ಣ ಕರುಳು ಮುಗಿಯುವ ಕಡೆಯ ಕವಾಟ ಉಳಿದಿದೆಯಾ ಎಂದು ಕೇಳಿ ಬರೆಸಿಕೊಳ್ಳಲಿ. ತಿಂಗಳು ತುಂಬಿ ಹುಟ್ಟಿದ ಕೂಸಿನ ಸಣ್ಣ ಕರುಳು ಎರಡು, ಎರಡೂವರೆ ಮೀಟರ್ ಇರುತ್ತದೆ, ಉಳಿದದ್ದು ಕೂಸಿನ ಜೊತೆ ಬೆಳೆಯುತ್ತದೆ. ‘ಸ್ವಲ್ಪ’ ಹೋಗಿದ್ದರೆ ಚಿಂತೆ ಬೇಡ. ಸಣ್ಣ ಕರುಳಿನ ಕೊನೆಯ ಭಾಗವೇ ಹೋಗಿದ್ದರೆ ಮುಂದೆ ವಿಟಮಿನ್ ಬಿ12 ನೋಡಿಸುತ್ತಿರಬೇಕು.

ಪ್ರಶ್ನೆ: ನಮ್ಮ ಮಗು ಹಾಲು ಕುಡಿದ ಮೇಲೆ ಮೊಸರು ಮೊಸರಾಗಿ ಕಕ್ಕುತ್ತದೆ, ಒಮ್ಮೊಮ್ಮೆ ಹಳದಿ. ಪ್ರತಿಸಲ ಆಸ್ಪತ್ರೆಗೆ ಓಡಬೇಕಾ?
— ದಾವಣಗೆರೆ

ಉತ್ತರ: ಬೇಡ. ಮೊಸರಿನ ಹಾಗೆ ಬಂದರೆ ಅದು ಹೊಟ್ಟೆಯಲ್ಲಿ ಒಡೆದ ಹಾಲು. ತೂಕ ಏರುತ್ತಿದ್ದರೆ, ಮಗು ಲವಲವಿಕೆಯಿಂದ ಇದ್ದರೆ ಸುಮ್ನೆ ಭುಜದ ಮೇಲೆ ಹಾಕಿಕೊಂಡು ತೇಗು ಬರಿಸಿ. ಮೊದಲ ಎರಡು ಮೂರು ದಿನದ ಗಟ್ಟಿ ಹಾಲು ಹುಟ್ಟಾ ಹಳದಿಯೇ, ಅದನ್ನು ಕಕ್ಕಿದರೂ ಹಳದಿಯೇ. ಹಳದಿಯಾ ಹಸಿರಾ ಎಂದು ಅನುಮಾನ ಬಂದರೆ ಬಿಳಿ ಬಟ್ಟೆಯ ಮೇಲೆ ಒರೆಸಿ, ಬೆಳಕಿನಲ್ಲಿ ಫೋಟೋ ತೆಗೆಯಿರಿ, ಬಟ್ಟೆಯನ್ನು ತೊಳೆಯಬೇಡಿ, ಹಾಗೇ ಡಾಕ್ಟರಿಗೆ ತೋರಿಸಿ. ‘ಸ್ವಲ್ಪ ಹಳದಿ ಹಸಿರು ಥರ’ ಎಂದು ಬಾಯಲ್ಲಿ ಹೇಳಿದರೆ ನಮಗೂ ಗೊತ್ತಾಗುವುದಿಲ್ಲ. ಕಕ್ಕಿದ್ದು ಎಲೆಹಸಿರು ಇದ್ದರೆ ಮಾತ್ರ ಎರಡನೇ ಸಲಕ್ಕೆ ಕಾಯಬೇಡಿ. ಹಾಲು ನಿಲ್ಲಿಸಿ, ಹೊರಡಿ. ಹಾಗೆ ಬಂದ ಎಷ್ಟೋ ಮಕ್ಕಳಿಗೆ ಕೊನೆಗೆ ಆಪರೇಷನ್ ಬೇಕಾಗುವುದೇ ಇಲ್ಲ, ಸೋಂಕೋ ಮತ್ತೊಂದೋ ಇರುತ್ತದೆ. ಇರಲಿ. ನಾವು ಬೈಯುವುದಿಲ್ಲ.

ಇನ್ನೊಂದು. ಕಕ್ಕ ಹಸಿರಾದರೆ ಹೆದರಬೇಡಿ ತಾಯಿ, ಅದು ಬೇರೆ. ದಿನಕ್ಕೆ ಹತ್ತು ಜನ ಈ ಎರಡನ್ನೂ ಕಲಸಿಕೊಂಡು ಫೋನ್ ಮಾಡುತ್ತಾರೆ. ಹಾಗೆಯೇ ಮೂರ್ನಾಲ್ಕು ವಾರದ ಮಗು ಪ್ರತಿಸಲ ಹಾಲು ಕುಡಿದ ಮೇಲೆ ಬಿಳಿ ವಾಂತಿಯನ್ನು ದೂರಕ್ಕೆ ಚಿಮ್ಮಿಸಿ, ಮತ್ತೆ ಹಸಿದು ಅಳುತ್ತಿದ್ದರೆ ಅದಕ್ಕೂ ಒಂದು ಕಾರಣ ಇದೆ. ಹೊಟ್ಟೆಯ ಬಾಗಿಲಿನ ಸ್ನಾಯು ದಪ್ಪಗಾಗಿರುತ್ತದೆ. ಸ್ಕ್ಯಾನ್ ಮಾಡಿಸಿ.

ಪ್ರಶ್ನೆ: ನನಗೆ ಈಗ 31 ವಾರ. ಐದನೇ ತಿಂಗಳ ಸ್ಕ್ಯಾನ್ ನಾರ್ಮಲ್ ಇತ್ತು. ಈಗ ನೀರು ಜಾಸ್ತಿ ಇದೆ, ಮಗುವಿನ ಹೊಟ್ಟೆಯಲ್ಲಿ ‘ಡಬಲ್ ಬಬಲ್’ ಕಾಣುತ್ತಿದೆ ಎಂದರು. ಡೌನ್ ಸಿಂಡ್ರೋಮ್ ಇರಬಹುದು ಎಂದೂ ಹೇಳಿದರು. ಮನೆಯಲ್ಲಿ ಎಲ್ಲರೂ ಮೊದಲಿನ ಸ್ಕ್ಯಾನ್ ಮಾಡಿದವರನ್ನು ಬೈಯುತ್ತಿದ್ದಾರೆ. ಏನು ಮಾಡಲಿ ಮೇಡಂ?
— ಶಿರಸಿ

ಉತ್ತರ: ಮೊದಲು ಆ ಬೈಗುಳ ನಿಲ್ಲಿಸಿ. ಇದು ಐದನೇ ತಿಂಗಳಲ್ಲಿ ಬಹಳ ಸಲ ಕಾಣುವುದೇ ಇಲ್ಲ. ಮಗು ಹೊಟ್ಟೆಯೊಳಗೆ ದಿನವೂ ನೀರು ನುಂಗುತ್ತದೆ. ನುಂಗಿದ ನೀರು ಮುಂದೆ ಹೋಗದೆ ಜಠರವೂ, ಅದರ ಮುಂದಿನ ಡ್ಯುಯೋಡಿನಂ ಎಂಬ ಕರುಳಿನ ಮೊದಲ ತುಂಡೂ ಉಬ್ಬಿದರೆ ಸ್ಕ್ಯಾನಿನಲ್ಲಿ ಎರಡು ಗುಳ್ಳೆ ಕಾಣುತ್ತವೆ. ಅಷ್ಟು ನುಂಗಿ, ಅಷ್ಟು ಉಬ್ಬಲು ಏಳನೇ ತಿಂಗಳಾದರೂ ಆಗಬೇಕು. ನೀರು ಜಾಸ್ತಿ ಇರುವುದಕ್ಕೂ ಇದೇ ಕಾರಣ.

ಡೌನ್ ಸಿಂಡ್ರೋಮ್ ಬಗ್ಗೆ ಮುಚ್ಚಿಡದೆ ಹೇಳುತ್ತೇನೆ. ಡ್ಯುಯೋಡಿನಂ ಮುಚ್ಚಿರುವ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದಕ್ಕೆ ಅದು ಇರುತ್ತದೆ. ಅಂದರೆ ಮೂರರಲ್ಲಿ ಎರಡಕ್ಕೆ ಇರುವುದಿಲ್ಲ. ತಿಳಿದುಕೊಳ್ಳಬೇಕು ಎಂದಿದ್ದರೆ ಪರೀಕ್ಷೆ ಇದೆ, ಬೇಡ ಎಂದಿದ್ದರೆ ಹುಟ್ಟಿದ ಮೇಲೆ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಅದು ನಿಮ್ಮಿಬ್ಬರಿಗೆ ಬಿಟ್ಟದ್ದು, ಅತ್ತಿಗೆ ನಾದಿನಿಯರಿಗೆ ಅಲ್ಲ. ಆದರೆ ಮಗುವಿನ ಹೃದಯದ ಸ್ಕ್ಯಾನ್ ಮಾತ್ರ ಈಗಲೇ ಮಾಡಿಸಿ, ಏಕೆಂದರೆ ಇಂಥ ಮಕ್ಕಳಲ್ಲಿ ಹೃದಯದ ತೊಂದರೆಯೂ ಜೊತೆಗೆ ಇರಬಹುದು, ಅರಿವಳಿಕೆ ಕೊಡುವವರಿಗೆ ಅದು ಮೊದಲೇ ಗೊತ್ತಿರಬೇಕು.

ಈಗ ನಿಮ್ಮ ಕೆಲಸ ಒಂದೇ: ಹೆರಿಗೆ ಎಲ್ಲಿ ಎಂದು ಗಟ್ಟಿ ಮಾಡಿಕೊಳ್ಳುವುದು. ಮಕ್ಕಳ ಸರ್ಜನ್, ಎನ್‌ಐಸಿಯು (ಹಸುಗೂಸುಗಳ ತೀವ್ರ ನಿಗಾ ಘಟಕ) ಎರಡೂ ಒಂದೇ ಕಟ್ಟಡದಲ್ಲಿ ಇರುವ ಕಡೆ ಆಗಲಿ. ಮಣಿಪಾಲವೋ, ಹುಬ್ಬಳ್ಳಿಯೋ, ನಿಮಗೆ ಅನುಕೂಲ ಆಗುವುದು. ನೀರು ಜಾಸ್ತಿ ಇರುವುದರಿಂದ ನೋವು ಬೇಗ ಬರಬಹುದು, ಹಾಗಾಗಿ 35 ವಾರದ ಹೊತ್ತಿಗೆ ಘಟ್ಟದ ಮೇಲೆ ಕೂತಿರಬೇಡಿ, ಆ ಊರಿನಲ್ಲೇ ನೆಂಟರ ಮನೆ ನೋಡಿಕೊಳ್ಳಿ. ಇದೊಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ಹುಟ್ಟಿದ ಮೇಲೆ ಹಾಲು ಕೊಡದೆ ಹೊಟ್ಟೆಗೆ ನಳಿಗೆ ಹಾಕಿ ಖಾಲಿ ಇಡುತ್ತಾರೆ, ಎಕ್ಸ್-ರೇ ತೆಗೆಯುತ್ತಾರೆ. ಎರಡು ಗುಳ್ಳೆ ಬಿಟ್ಟರೆ ಕೆಳಗೆ ಎಲ್ಲೂ ಗಾಳಿ ಇಲ್ಲದಿದ್ದರೆ ರೋಗ ಖಚಿತ. ತಿರುಚಿದ ಕರುಳಿನ ಹಾಗೆ ಇದು ಗಂಟೆಗಳ ಲೆಕ್ಕದ ಓಟ ಅಲ್ಲ. ಕೂಸನ್ನು ಬೆಚ್ಚಗಿಟ್ಟು, ಡ್ರಿಪ್ ಹಾಕಿ, ಹೃದಯ ನೋಡಿ, ಒಂದೆರಡು ದಿನದಲ್ಲಿ ಮೇಲಿನ ಉಬ್ಬಿದ ತುಂಡನ್ನೂ ಕೆಳಗಿನ ಸಪೂರ ತುಂಡನ್ನೂ ಕೂಡಿಸಿ ಹೊಲಿಯುತ್ತಾರೆ. ಒಳ್ಳೆ ಎನ್‌ಐಸಿಯು ಇರುವ ಕಡೆ ಇಂಥ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಬದುಕುತ್ತವೆ.

ಪ್ರಶ್ನೆ: ಗಂಡುಮಗು, ಈಗ 25 ದಿನ. ಹುಟ್ಟಿ ಎರಡು ದಿನವಾದರೂ ಕಕ್ಕ ಮಾಡಿರಲಿಲ್ಲ. ಮೂರನೇ ದಿನ ನಮ್ಮತ್ತೆ ವೀಳ್ಯದೆಲೆ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಹಾಕಿದ ಕೂಡಲೇ ಜೋರಾಗಿ ಆಯಿತು. ಆಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ ಹೊಟ್ಟೆ ಉಬ್ಬುತ್ತದೆ, ತೊಟ್ಟು ಹಾಕುತ್ತೇವೆ, ಇಳಿಯುತ್ತದೆ. ಡಾಕ್ಟರು ಗುದದ ಬಯಾಪ್ಸಿ ಮಾಡಬೇಕು ಎನ್ನುತ್ತಿದ್ದಾರೆ. ಇಷ್ಟು ಸಣ್ಣ ಕೂಸಿಗೆ ಬಯಾಪ್ಸಿ ಯಾಕೆ? ಕ್ಯಾನ್ಸರ್ ಏನಾದರೂ ಇದೆಯಾ?
— ಯಾದಗಿರಿ

ಉತ್ತರ: ಕ್ಯಾನ್ಸರ್ ಅಲ್ಲವೇ ಅಲ್ಲ. ಬಯಾಪ್ಸಿ ಎಂದ ಕೂಡಲೇ ಎಲ್ಲರೂ ಅದನ್ನೇ ಅಂದುಕೊಳ್ಳುತ್ತಾರೆ. ಆದರೆ ನಿಮ್ಮ ಡಾಕ್ಟರು ಸರಿ ಹೇಳಿದ್ದಾರೆ, ದಯವಿಟ್ಟು ಮಾಡಿಸಿ.

ತಿಂಗಳು ತುಂಬಿದ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಮಕ್ಕಳು ಮೊದಲ 24 ಗಂಟೆಯೊಳಗೆ ಕಪ್ಪು ಕಕ್ಕ ಮಾಡುತ್ತವೆ. 48 ಗಂಟೆ ದಾಟಿದರೆ ಯಾಕೆ ಎಂದು ಕೇಳಲೇಬೇಕು. ಕರುಳು ಹಿಂಡುತ್ತಾ ಮುಂದೆ ತಳ್ಳಬೇಕಾದರೆ ಅದರ ಗೋಡೆಯಲ್ಲಿ ನರದ ಕಣಗಳು ಇರಬೇಕು. ಇವು ಬಸಿರಿನ ಮೊದಲ ಮೂರು ತಿಂಗಳಲ್ಲಿ ಬಾಯಿಯ ಕಡೆಯಿಂದ ಗುದದ ಕಡೆಗೆ ಇಳಿಯುತ್ತಾ ಬರುತ್ತವೆ. ಕೆಲವು ಮಕ್ಕಳಲ್ಲಿ ಕೊನೆ ಮುಟ್ಟುವುದಿಲ್ಲ, ದಾರಿಯಲ್ಲೇ ನಿಲ್ಲುತ್ತವೆ. ನರ ಇಲ್ಲದ ತುಂಡು ಬಿಗಿಯಾಗಿ ಮುಚ್ಚಿಕೊಂಡೇ ಇರುತ್ತದೆ, ಅದರ ಹಿಂದೆ ಕಕ್ಕ, ಗಾಳಿ ತುಂಬಿ ಹೊಟ್ಟೆ ಉಬ್ಬುತ್ತದೆ. ಹಿರ್ಷ್‌ಸ್ಪ್ರುಂಗ್ ರೋಗ ಎಂದು ಹೆಸರು. ಕೋಪನ್‌ಹೇಗನ್ನಿನ ಮಕ್ಕಳ ಡಾಕ್ಟರ್ ಹರಾಲ್ಡ್ ಹಿರ್ಷ್‌ಸ್ಪ್ರುಂಗ್ 1886ರಲ್ಲಿ ಇದನ್ನು ವಿವರಿಸಿದರು. ಸುಮಾರು 5000 ಮಕ್ಕಳಲ್ಲಿ ಒಂದಕ್ಕೆ, ಅದರಲ್ಲೂ ಗಂಡುಮಕ್ಕಳಲ್ಲಿ ನಾಲ್ಕು ಪಟ್ಟು.

ಈಗ ನಿಮ್ಮ ಅತ್ತೆಯವರ ತೊಟ್ಟಿನ ವಿಷಯ. ಅದು ಕೆಲಸ ಮಾಡಿದ್ದೇ ತೊಂದರೆ! ಬಿಗಿದ ಭಾಗವನ್ನು ಕ್ಷಣ ಹೊತ್ತು ಸಡಿಲಿಸಿ ಒಳಗಿದ್ದದ್ದನ್ನು ಹೊರಗೆ ಬಿಡುತ್ತದೆ, ಮನೆಯವರು ಸಮಾಧಾನವಾಗುತ್ತಾರೆ, ರೋಗ ಹಾಗೇ ಉಳಿಯುತ್ತದೆ. ತೊಟ್ಟು ಹಾಕಿದ ಮೇಲೆ, ಸೋಪಿನ ಕಡ್ಡಿ ಹಾಕಿದ ಮೇಲೆ ಆದ ಕಕ್ಕವನ್ನು ‘ತಾನಾಗಿ ಆಯಿತು’ ಎಂದು ಲೆಕ್ಕಕ್ಕೆ ಹಿಡಿಯಬೇಡಿ, ಡಾಕ್ಟರಿಗೆ ಹಾಗೆ ಹೇಳಬೇಡಿ. ಜೊತೆಗೆ ಒಳಗಿನ ಎಳೆ ಪೊರೆಗೆ ಗಾಯವೂ ಆಗಬಹುದು. ಇವತ್ತಿನಿಂದ ಬೇಡ.

ಬಯಾಪ್ಸಿ ಎಂದರೆ ಗುದದ ಒಳಗೆ ಎರಡು ಸೆಂಟಿಮೀಟರ್ ಮೇಲಿನಿಂದ ಅಕ್ಕಿಕಾಳಿಗಿಂತ ಸಣ್ಣ ತುಣುಕು ಹೀರಿ ತೆಗೆಯುವುದು. ಅಷ್ಟು ಮೇಲೆ ಚುಚ್ಚಿದ ನೋವು ತಿಳಿಯುವ ನರ ಇರುವುದಿಲ್ಲ, ಹಾಗಾಗಿ ಅರಿವಳಿಕೆ ಕೂಡ ಬೇಕಾಗುವುದಿಲ್ಲ. ಕೆಲವೊಮ್ಮೆ ತುಣುಕು ಸಾಲಲಿಲ್ಲ ಎಂದು ಮತ್ತೊಮ್ಮೆ ಕೇಳುತ್ತಾರೆ, ಕೋಪ ಮಾಡಿಕೊಳ್ಳಬೇಡಿ. ಡೈ ಹಾಕಿ ತೆಗೆಯುವ ಎಕ್ಸ್-ರೇ ಮಾಡುತ್ತಾರೆ, ಕೆಳಗೆ ಸಪೂರ ಮೇಲೆ ಅಗಲ ಕಂಡರೆ ಒಳ್ಳೆ ಸುಳಿವು, ಆದರೆ ಹಸುಗೂಸುಗಳಲ್ಲಿ ಅದು ಸರಿಯಾಗಿ ಕಾಣದೆಯೂ ಇರಬಹುದು. ಕೊನೆ ಮಾತು ಬಯಾಪ್ಸಿಯದ್ದೇ.

ರೋಗ ಹೌದು ಎಂದಾದರೆ ನರ ಇಲ್ಲದ ತುಂಡು ತೆಗೆದು ನರ ಇರುವ ಕರುಳನ್ನು ಕೆಳಗೆ ಎಳೆದು ಹೊಲಿಯುತ್ತಾರೆ, ಬಹಳ ಮಕ್ಕಳಲ್ಲಿ ಹೊಟ್ಟೆ ಕೊಯ್ಯದೆ ಗುದದ ಮೂಲಕವೇ. ಎಲ್ಲಿಯವರೆಗೆ ತೆಗೆಯಬೇಕು ಎಂದು ಆಪರೇಷನ್ ನಡೆಯುವಾಗಲೇ ಪೆಥಾಲಜಿಯವರು ತುಣುಕು ನೋಡಿ ಹೇಳುತ್ತಾರೆ. ಅಲ್ಲಿಯ ತನಕ ಸಲೈನಿನಲ್ಲಿ ಕರುಳು ತೊಳೆಯುವುದನ್ನು ನರ್ಸ್ ಕಲಿಸುತ್ತಾರೆ. ಸಲೈನ್ ಮಾತ್ರ, ನಲ್ಲಿ ನೀರು, ಸೋಪಿನ ನೀರು ಬೇಡ. ಕರುಳು ನೀರನ್ನು ಹೀರಿಕೊಂಡು ಮಗುವಿನ ರಕ್ತದ ಉಪ್ಪು ಇಳಿದುಹೋಗುತ್ತದೆ.

ಮಗುವಿಗೆ ಜ್ವರ, ಹೊಟ್ಟೆ ಬಿಗಿ, ಗಬ್ಬು ವಾಸನೆಯ ನೀರು ಕಕ್ಕ ಚಿಮ್ಮಿಕೊಂಡು ಬಂದರೆ ಅದನ್ನು ಭೇದಿ ಎಂದು ಓಆರ್‌ಎಸ್ ಕೊಡುತ್ತಾ ಮನೆಯಲ್ಲಿ ಕೂರಬೇಡಿ. ಅದು ಕರುಳಿನ ಸೋಂಕು, ಈ ರೋಗದಲ್ಲಿ ಜೀವ ತೆಗೆಯುವುದು ಅದೇ. ಆಪರೇಷನ್ ಆದ ಮೇಲೂ ಬರಬಹುದು. ಮತ್ತೆ, ಹೊಟ್ಟೆ ಉಬ್ಬಿದ ಕೂಸಿಗೆ ಕೆಲವು ಕಡೆ ಬರೆ ಹಾಕುತ್ತಾರೆ. ಸುಟ್ಟ ಗಾಯದ ಜೊತೆ ಬರುವ ಕೂಸಿಗೆ ನಾವು ಎರಡು ರೋಗಕ್ಕೆ ಮದ್ದು ಮಾಡಬೇಕಾಗುತ್ತದೆ, ಅಷ್ಟೇ ಲಾಭ.

ಪ್ರಶ್ನೆ: ನನ್ನ ಮಗಳಿಗೆ ಸಣ್ಣ ಕರುಳು ಮಧ್ಯದಲ್ಲೇ ತುಂಡಾಗಿತ್ತು, ಆಪರೇಷನ್ ಆಗಿ ಈಗ ಚೆನ್ನಾಗಿದ್ದಾಳೆ. ಗ್ರಹಣದ ದಿನ ನಾನು ಹೊರಗೆ ಬಂದಿದ್ದೇ ಕಾರಣ ಎಂದು ಅತ್ತೆ ಹೇಳುತ್ತಾರೆ. ನಮ್ಮದು ಸೋದರ ಸಂಬಂಧದ ಮದುವೆ, ಅದರಿಂದಲಾ? ಮುಂದಿನ ಮಗುವಿಗೂ ಹೀಗೇ ಆಗುತ್ತದಾ?
— ತುಮಕೂರು

ಉತ್ತರ: ಗ್ರಹಣಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ನಿಮ್ಮ ಅತ್ತೆಯವರಿಗೆ ಈ ಪುಟವನ್ನೇ ಓದಿ ಹೇಳಿ.

ಕಾರಣ ಹೇಗೆ ಗೊತ್ತಾಯಿತು ಎಂಬ ಕಥೆ ಚೆನ್ನಾಗಿದೆ. 1955ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಲೌ ಮತ್ತು ಬರ್ನಾರ್ಡ್ ಎಂಬ ಇಬ್ಬರು ಸರ್ಜನ್ನರು ಗಬ್ಬದ ನಾಯಿಯ ಹೊಟ್ಟೆಯೊಳಗಿನ ಮರಿಯ ಕರುಳಿಗೆ ಹೋಗುವ ರಕ್ತನಾಳವನ್ನು ಕಟ್ಟಿ, ಮರಿಯನ್ನು ಮತ್ತೆ ಗರ್ಭದಲ್ಲೇ ಬಿಟ್ಟರು. ಹುಟ್ಟಿದ ಮರಿಗಳ ಕರುಳು ಥೇಟ್ ನಿಮ್ಮ ಮಗಳ ಕರುಳಿನ ಹಾಗೆ ತುಂಡಾಗಿತ್ತು. ಅಂದರೆ ಕರುಳು ಮೊದಲು ಸರಿಯಾಗಿಯೇ ಮೂಡಿರುತ್ತದೆ, ಆಮೇಲೆ ಯಾವುದೋ ಕಾರಣಕ್ಕೆ ಒಂದು ತುಂಡಿಗೆ ರಕ್ತ ನಿಂತು ಅದು ಕರಗಿಹೋಗುತ್ತದೆ. ಆ ಬರ್ನಾರ್ಡ್ ಯಾರು ಗೊತ್ತಾ? 1967ರಲ್ಲಿ ಪ್ರಪಂಚದಲ್ಲೇ ಮೊದಲ ಸಲ ಮನುಷ್ಯನಿಂದ ಮನುಷ್ಯನಿಗೆ ಹೃದಯ ಕಸಿ ಮಾಡಿದ ಕ್ರಿಶ್ಚಿಯನ್ ಬರ್ನಾರ್ಡ್. ಹೃದಯದ ಹೆಸರಿನಲ್ಲೇ ಎಲ್ಲರಿಗೂ ಗೊತ್ತು, ಮಕ್ಕಳ ಸರ್ಜನ್ನರು ಮಾತ್ರ ನಾಯಿಮರಿಗಳಿಗಾಗಿ ನೆನೆಯುತ್ತೇವೆ. ಮುಚ್ಚಿದ ಜಾಗದ ಮುಂದಿನ ಕರುಳಿನಲ್ಲಿ ಎಷ್ಟೋ ಸಲ ಪಿತ್ತವೂ, ಮಗು ನುಂಗಿದ ತನ್ನದೇ ನವಿರು ಕೂದಲೂ ಸಿಗುತ್ತವೆ. ದಾರಿ ಒಂದು ಕಾಲಕ್ಕೆ ತೆರೆದಿತ್ತು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಸೋದರ ಸಂಬಂಧದ ವಿಷಯ: ಈ ರೋಗದಲ್ಲಿ ಬಹುತೇಕ ಮಕ್ಕಳಿಗೆ ಅದು ಕಾರಣ ಅಲ್ಲ, ಮುಂದಿನ ಮಗುವಿಗೆ ಬರುವುದೂ ಅಪರೂಪ. ಆದರೆ ಎರಡು ಬಗೆ ಮಾತ್ರ ಮನೆತನದಲ್ಲಿ ಬರಬಹುದು. ಒಂದು, ಕರುಳು ಸುರುಳಿ ಸುರುಳಿಯಾಗಿ ಒಂದೇ ನಾಳಕ್ಕೆ ಸುತ್ತಿಕೊಂಡಿರುವ ‘ಆಪಲ್ ಪೀಲ್’ ಬಗೆ. ಇನ್ನೊಂದು, ಹಲವು ಕಡೆ ಮುಚ್ಚಿರುವುದು. ಡಿಸ್ಚಾರ್ಜ್ ಚೀಟಿಯಲ್ಲಿ ‘ಟೈಪ್’ ಎಂದು ಬರೆದಿರುತ್ತಾರೆ, 3ಬಿ ಅಥವಾ 4 ಎಂದಿದ್ದರೆ ಮುಂದಿನ ಬಸಿರಿಗೆ ಮೊದಲು ಜೆನೆಟಿಕ್ಸ್ ಡಾಕ್ಟರನ್ನು ಒಮ್ಮೆ ಕಾಣಿ. ಬೇರೆ ಟೈಪ್ ಆಗಿದ್ದರೆ ನಿಶ್ಚಿಂತೆಯಿಂದ ಇರಿ, ಏಳನೇ ತಿಂಗಳಲ್ಲಿ ಒಂದು ಸ್ಕ್ಯಾನ್ ಜಾಸ್ತಿ ಮಾಡಿಸಿದರೆ ಸಾಕು.

ಪ್ರಶ್ನೆ: ಮಗುವಿಗೆ ಕರುಳಿನ ಆಪರೇಷನ್ ಆಗಿ ಒಂಬತ್ತು ದಿನ. ಇನ್ನೂ ನಳಿಗೆಯಲ್ಲಿ ಹಸಿರು ಬರುತ್ತಿದೆ, ಹಾಲು ಶುರು ಮಾಡಿಲ್ಲ. ಆಪರೇಷನ್ ಕೆಟ್ಟಿತಾ? ಹೆಂಡತಿ ಹಾಲು ಹಿಂಡಿ ಚೆಲ್ಲುತ್ತಾ ಅಳುತ್ತಿದ್ದಾಳೆ.
— ಪುಣೆಯಲ್ಲಿರುವ ಒಬ್ಬ ಕನ್ನಡಿಗ ತಂದೆ

ಉತ್ತರ: ಚೆಲ್ಲುವುದನ್ನು ಇವತ್ತೇ ನಿಲ್ಲಿಸಲಿ! ತೊಳೆದು ಕುದಿಸಿದ ಡಬ್ಬಿಗೆ ಹಾಕಿ, ತಾರೀಕು ಗಂಟೆ ಬರೆದು ಎನ್‌ಐಸಿಯು ಫ್ರಿಜ್ಜಿನಲ್ಲಿ ಇಡಲು ಕೇಳಿ. ಫ್ರಿಜ್ಜಿನ ಕೆಳಭಾಗದಲ್ಲಿ ಒಂದು ದಿನ, ಡೀಪ್ ಫ್ರೀಜರಿನಲ್ಲಿ ಮೂರು ತಿಂಗಳು ಇಡಬಹುದು. ದಿನಕ್ಕೆ ಎಂಟು ಸಲ ಹಿಂಡಬೇಕು, ಒಂದು ಸಲ ರಾತ್ರಿಯೂ. ಇಲ್ಲದಿದ್ದರೆ ಮಗು ಕುಡಿಯುವ ಹೊತ್ತಿಗೆ ಹಾಲೇ ಬತ್ತಿರುತ್ತದೆ. ಎರಡು ಹನಿ ಹಾಲನ್ನು ಮಗುವಿನ ಕೆನ್ನೆಯ ಒಳಗೆ ಸವರಬಹುದಾ ಎಂದು ನರ್ಸಮ್ಮನನ್ನು ಕೇಳಿ, ಬಹಳ ಕಡೆ ಒಪ್ಪುತ್ತಾರೆ.

ಆಪರೇಷನ್ ಕೆಟ್ಟಿಲ್ಲ. ಮುಚ್ಚಿದ ಜಾಗದ ಮೇಲಿನ ಕರುಳು ತಿಂಗಳುಗಟ್ಟಲೆ ಉಬ್ಬಿ ಉಬ್ಬಿ ಸೋತಿರುತ್ತದೆ, ಕೆಳಗಿನದು ಒಮ್ಮೆಯೂ ಕೆಲಸ ಮಾಡದೆ ಪೆನ್ಸಿಲಿನಷ್ಟು ಸಪೂರ ಇರುತ್ತದೆ. ಇವೆರಡನ್ನೂ ಕೂಡಿಸಿ ಹೊಲಿದ ಮಾತ್ರಕ್ಕೆ ಮಾರನೇ ದಿನ ಕೆಲಸ ಶುರುವಾಗುವುದಿಲ್ಲ. ಎರಡು ಮೂರು ವಾರ ಹಿಡಿದ ಮಕ್ಕಳೂ ಇದ್ದಾರೆ. ನೀವು ನೋಡಬೇಕಾದ್ದು ನಳಿಗೆಯ ಬಾಟಲಿ: ದಿನದಿಂದ ದಿನಕ್ಕೆ ಪ್ರಮಾಣ ಇಳಿಯುತ್ತಿದೆಯಾ, ಕಡು ಹಸಿರು ತಿಳಿಯಾಗುತ್ತಿದೆಯಾ, ಡೈಪರಿನಲ್ಲಿ ಕಕ್ಕ ಬಂತಾ. ಇವು ಕಂಡ ಮೇಲೆ ಎರಡು ಗಂಟೆಗೊಮ್ಮೆ ಒಂದೋ ಎರಡೋ ಎಂಎಲ್ ಹಾಲಿನಿಂದ ಶುರು. ಅಲ್ಲಿಯ ತನಕ ರಕ್ತನಾಳದ ಮೂಲಕ ಟಿಪಿಎನ್ ಎಂಬ ಪೂರ್ತಿ ಊಟ ಹೋಗುತ್ತಿರುತ್ತದೆ, ಮಗು ಉಪವಾಸ ಇಲ್ಲ. ಟಿಪಿಎನ್ ಲೈನಿಗೆ ಸೋಂಕು ತಗುಲುವುದೇ ದೊಡ್ಡ ಭಯ, ಹಾಗಾಗಿ ಊರಿಂದ ನೋಡಲು ಬಂದವರನ್ನೆಲ್ಲ ಒಳಗೆ ಬಿಡಿ ಎಂದು ಜಗಳ ಮಾಡಬೇಡಿ.

ಪ್ರಶ್ನೆ: ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್. ಇಂಥ ಕೂಸನ್ನು ದೊಡ್ಡ ಆಸ್ಪತ್ರೆಗೆ ಕಳಿಸುವಾಗ ನಮ್ಮ ಕೈಯಲ್ಲಿ ಏನು ಮಾಡಬಹುದು?
— ಸುರಪುರ ತಾಲ್ಲೂಕು

ಉತ್ತರ: ನಿಮ್ಮ ಕೈಯಲ್ಲೇ ಬಹಳ ಇದೆ. ಹಾಲು ನಿಲ್ಲಿಸಿ, ಹೊಟ್ಟೆಗೆ ನಳಿಗೆ ಹಾಕಿ, ಹಾಲು ಕುಡಿಸುವ ಸಪೂರದ್ದಲ್ಲ, 8 ಅಥವಾ 10 ನಂಬರಿನದ್ದು. ನಳಿಗೆಯ ಬಾಯಿ ಮುಚ್ಚಬೇಡಿ, ತೆರೆದೇ ಇರಲಿ, ದಾರಿಯಲ್ಲಿ ಆಗಾಗ ಸಿರಿಂಜಿನಿಂದ ಎಳೆಯಿರಿ. ಇದೊಂದು ಮಾಡದಿದ್ದರೆ 108ರಲ್ಲಿ ಮಲಗಿದ ಕೂಸು ಕಕ್ಕಿದ್ದನ್ನು ಶ್ವಾಸಕೋಶಕ್ಕೆ ಎಳೆದುಕೊಂಡು ಬರುತ್ತದೆ, ಆಮೇಲೆ ಕರುಳಿಗಿಂತ ಉಸಿರಿನದ್ದೇ ದೊಡ್ಡ ಗೋಳು. ಎರಡನೆಯದು ಬಿಸಿ. ಟೋಪಿ, ಕಾಲುಚೀಲ ಹಾಕಿ, ಆಗುವುದಾದರೆ ತಂದೆಯದ್ದೋ ಅಜ್ಜಿಯದ್ದೋ ಎದೆಗೆ ಚರ್ಮಕ್ಕೆ ಚರ್ಮ ತಾಗುವ ಹಾಗೆ ಕಟ್ಟಿ ಕಳಿಸಿ. ತಣ್ಣಗಾಗಿ ಬಂದ ಕೂಸಿಗೆ ತಕ್ಷಣ ಅರಿವಳಿಕೆ ಕೊಡಲು ಆಗುವುದಿಲ್ಲ. ಸಾಧ್ಯವಾದರೆ 10% ಡೆಕ್ಸ್‌ಟ್ರೋಸ್ ಡ್ರಿಪ್, ಸಕ್ಕರೆ ಪರೀಕ್ಷೆ. ವಿಟಮಿನ್ ಕೆ ಕೊಟ್ಟಿದ್ದೀರಾ ಇಲ್ಲವಾ ಎಂದು ಬರೆಯಿರಿ, ಇದನ್ನು ಯಾರೂ ಬರೆಯುವುದಿಲ್ಲ. ತಾಯಿ ಜೊತೆಗೆ ಬರಲು ಆಗದಿದ್ದರೆ ಅವಳ ರಕ್ತದ ಒಂದು ಟ್ಯೂಬ್, ತಾಯಿ ಕಾರ್ಡ್ ಕಳಿಸಿ. ಸಹಿ ಹಾಕಲು ತಂದೆ ಇರಲಿ. ಹೊರಡುವ ಮೊದಲು ಆ ಆಸ್ಪತ್ರೆಗೆ ಫೋನ್ ಮಾಡಿ ಬೆಡ್ ಇದೆಯಾ ಎಂದು ಕೇಳಿ. ಇಲ್ಲದಿದ್ದರೆ ಕೂಸು ಊರೂರು ಸುತ್ತುತ್ತದೆ.

ಮತ್ತೆ ಪ್ರತಿ ಹೆರಿಗೆಯಲ್ಲೂ ಕೂಸನ್ನು ತಿರುಗಿಸಿ ಗುದದ್ವಾರ ಇದೆಯಾ, ಇರಬೇಕಾದ ಜಾಗದಲ್ಲೇ ಇದೆಯಾ ಎಂದು ಕಣ್ಣಾರೆ ನೋಡಿ. ಹೆಣ್ಣುಮಗುವಿಗೆ ಕಕ್ಕ ಬರುತ್ತಿದೆ ಎಂದರೆ ಸಾಲದು, ಎಲ್ಲಿಂದ ಬರುತ್ತಿದೆ ಎಂದು ನೋಡಬೇಕು. ಆಶಾ ಕಾರ್ಯಕರ್ತೆಯರು ಮೂರನೇ ದಿನ, ಏಳನೇ ದಿನ ಮನೆಗೆ ಹೋಗುತ್ತಾರಲ್ಲ, ಅವರಿಗೂ ಇದನ್ನು ಹೇಳಿಕೊಡಿ.

ಪ್ರಶ್ನೆ: ಇಂಥ ಆಪರೇಷನ್ನಿಗೆ ದುಡ್ಡು ಎಲ್ಲಿಂದ ತರೋದು ಸರ್?
— ಚಾಮರಾಜನಗರ

ಉತ್ತರ: ಸರ್ ಅಲ್ಲ, ಮೇಡಂ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದೊಳಗಿನ ಕಾಯಿಲೆ ಮಗುವಿಗೆ ಔಷಧಿ, ಪರೀಕ್ಷೆ, ಆಂಬುಲೆನ್ಸ್ ಎಲ್ಲವೂ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಉಚಿತ, 2011ರಿಂದ ಇರುವ ಯೋಜನೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿ ತನಕ ಇದೆ. ಖಾಸಗಿಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳಿ ತೆಗೆದುಕೊಳ್ಳಿ. ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಮಕ್ಕಳ ಸರ್ಜರಿ ವಿಭಾಗ ಇದೆ. ಒಡವೆ ಅಡವಿಡುವ ಮೊದಲು ಅಲ್ಲೊಮ್ಮೆ ವಿಚಾರಿಸಿ.

ಪ್ರಶ್ನೆ: ಮಗನಿಗೆ ಗುದದ್ವಾರ ಇರಲಿಲ್ಲ. ಎರಡನೇ ದಿನ ಹೊಟ್ಟೆಯ ಮೇಲೆ ದಾರಿ ಮಾಡಿದ್ದಾರೆ, ಮುಂದೆ ಇನ್ನೆರಡು ಆಪರೇಷನ್ ಎಂದಿದ್ದಾರೆ. ಒಂದೇ ಸಲ ಮಾಡಬಾರದಿತ್ತಾ? ಆ ಕೆಂಪು ಮಾಂಸ ನೋಡಿದರೆ ಹೆದರಿಕೆ ಆಗುತ್ತದೆ, ಸ್ನಾನ ಮಾಡಿಸಬಹುದಾ?
— ವಿಜಯಪುರ

ಉತ್ತರ: ಮಾಡಿಸಿ, ಬಿಸಿನೀರು ಬಿದ್ದರೆ ಏನೂ ಆಗುವುದಿಲ್ಲ. ಆ ಕೆಂಪು ಮಾಂಸ ಎಂದರೆ ಕರುಳಿನ ಒಳಪೊರೆ. ಕೆಂಪಗೆ ಒದ್ದೆಯಾಗಿ ಇರಬೇಕು, ಮುಟ್ಟಿದರೆ ಮಗುವಿಗೆ ನೋವಾಗುವುದಿಲ್ಲ, ಒರೆಸುವಾಗ ಒಂದು ಹನಿ ರಕ್ತ ಬಂದರೂ ಪರವಾಗಿಲ್ಲ. ಕಪ್ಪಾದರೆ, ಅಥವಾ ಬೆರಳುದ್ದ ಹೊರಗೆ ಜಾರಿ ಒಳಗೆ ಹೋಗದಿದ್ದರೆ ಆಗ ಬನ್ನಿ.

ಒಂದೇ ಸಲ ಯಾಕೆ ಮಾಡಲಿಲ್ಲ ಎಂದರೆ, ಗಂಡುಮಕ್ಕಳಲ್ಲಿ ಕರುಳಿನ ಕೊನೆ ಬಹಳ ಸಲ ಮೂತ್ರನಾಳಕ್ಕೆ ಸೇರಿರುತ್ತದೆ. ಕಕ್ಕ ಬೇರೆ ದಾರಿಯಲ್ಲಿ ಹೋಗುತ್ತಿದ್ದರೆ ಕೆಳಗೆ ಮಾಡುವ ಸೂಕ್ಷ್ಮ ಕೆಲಸಕ್ಕೆ ಸೋಂಕು ತಗುಲುವುದಿಲ್ಲ, ಕರುಳು ಮೂತ್ರನಾಳಕ್ಕೆ ಎಲ್ಲಿ ಸೇರಿದೆ ಎಂದು ಡೈ ಹಾಕಿ ಮೊದಲೇ ನೋಡಿಕೊಳ್ಳಲೂ ಆಗುತ್ತದೆ. ಎರಡನೆಯದು ಕೆಲವು ತಿಂಗಳಾದ ಮೇಲೆ, ಹೊಸ ದ್ವಾರ ಮಾಡುವುದು. ಆಮೇಲೆ ಮನೆಯಲ್ಲೇ ದಿನವೂ ಡೈಲೇಟರ್ ಎಂಬ ನಯವಾದ ಕಡ್ಡಿ ಹಾಕಿ ಅದನ್ನು ಅಗಲ ಮಾಡುತ್ತಾ ಹೋಗಬೇಕು, ಮಗು ಅಳುತ್ತದೆ ಎಂದು ಬಿಟ್ಟರೆ ದ್ವಾರ ಮತ್ತೆ ಮುಚ್ಚುತ್ತದೆ, ಇದನ್ನು ಈಗಲೇ ಹೇಳಿರುತ್ತೇನೆ. ಮೂರನೆಯದು ಹೊಟ್ಟೆಯ ದಾರಿ ಮುಚ್ಚುವುದು, ಅದು ಸಣ್ಣದು. ಬೆನ್ನುಮೂಳೆ, ಕಿಡ್ನಿ, ಹೃದಯದ ಸ್ಕ್ಯಾನ್ ಆಗಿದೆಯಾ ನೋಡಿಕೊಳ್ಳಿ, ಆಗಿಲ್ಲದಿದ್ದರೆ ಕೇಳಿ ಮಾಡಿಸಿ.

ಅಲ್ಲಿಯ ತನಕ ಸುತ್ತಲಿನ ಚರ್ಮ ಕೆಂಪಾಗದ ಹಾಗೆ ಝಿಂಕ್ ಕ್ರೀಮ್ ಹಚ್ಚಿ, ಹಳೆ ಹತ್ತಿ ಸೀರೆಯ ತುಂಡು ಮಡಚಿ ಕಟ್ಟಿದರೆ ಸಾಕು, ಒದ್ದೆಯಾದ ಕೂಡಲೇ ಬದಲಿಸಿ. ಬ್ಯಾಗ್ ಹಾಕುವುದಾದರೆ ಆ ಜಾಗಕ್ಕೆ ಎಣ್ಣೆ, ಕ್ರೀಮ್ ಹಚ್ಚಬೇಡಿ, ಅಂಟುವುದಿಲ್ಲ.